ಬೆಂಗಳೂರಿಂದ ಮೊದಲ್ನೇ ಸಲ ಪಂಢರಪುರ ವಾರಿಗೆ (ಪಾದಯಾತ್ರೆಗೆ) ಹೊರಟಿದೀನಿ, ಆಳಂದಿಗೆ ಎಷ್ಟು ದಿನ ಮುಂಚೆ ಹೋಗ್ಬೇಕು, ಎಲ್ಲಿ ಉಳ್ಕೋಬೇಕು?

ಪ್ರಸ್ಥಾನದ ದಿನಾನ, ಅಂದ್ರ ಜ್ಞಾನೇಶ್ವರ ಮಹಾರಾಜರ ಪಾಲಖಿ (ಪಲ್ಲಕ್ಕಿ) ಆಳಂದಿ ಗುಡಿಯಿಂದ ಹೊರಡೂ ದಿನಾನ, ಬಂದು ಇಳೀತೀನಿ ಅನ್ನೂದನ್ನ ಮೊದಲ ತಲ್ಯಾಗಿಂದ ತಗೀರಿ. ಆ ದಿನ, ಜ್ಯೇಷ್ಠ ವದ್ಯ (ಬಹುಳ) ಅಷ್ಟಮಿಗೆ, ಗಾಡಿಗೋಳನ್ನ ಊರ ಹೊರಗ ತಡೀತಾರ, ಗುಡಿ ಒಳಗ ಮಾನದ ದಿಂಡಿಯವ್ರನ್ನಷ್ಟ (ದಿಂಡಿ ಅಂದ್ರ ಕೂಡಿ ನಡಿಯೂ ವಾರಕರಿ ಯಾತ್ರಿಕರ ಗುಂಪು) ಬಿಡ್ತಾರ, ಇಂದ್ರಾಯಣಿ ಘಾಟಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ಫೋನ್ ಹಚ್ಚಿದ್ರ ಹತ್ತಂಗಿಲ್ಲ. ಎರಡು ದಿನ ಮೊದ್ಲ ಬರ್ರಿ. ಪುಣೆ ಸ್ಟೇಷನ್ನಿಂದ 20-25 ಕಿಲೋಮೀಟರ್ ಅಷ್ಟ, ಸಿಟಿ ಬಸ್ ಅದಾವು. ಬಂದ ಕೂಡ್ಲೆ ಮಾವುಲಿ (ಜ್ಞಾನೇಶ್ವರರಿಗೆ ಹಂಗ ಅಂತಾರ) ಸಮಾಧಿ ದರ್ಶನ ಮುಗಿಸ್ಕೊಂಡ್ಬಿಡ್ರಿ, ಆಮ್ಯಾಲ ಪಾಳಿ ನೋಡಿದ್ರ ಎದಿ ಒಡೀತೈತಿ.

ಇನ್ನ ಉಳ್ಕೊಳ್ಳೂದು. ಎಲ್ಲಾರೂ ಲಾಡ್ಜ್ ಕೇಳ್ತಾರ, ಕೇಳ್ಬೇಕಾದ್ದು ದಿಂಡಿ ರೀ. ದಿಂಡಿ ಒಂದು ಗಟ್ಟಿ ಆತಂದ್ರ ಆಳಂದಿಯಾಗ ಅವ್ರ ಮಠಾನೋ ಧರ್ಮಶಾಳಾನೋ ಇರ್ತೈತಿ, ಅಲ್ಲೇ ಒಂದು ಚಾಪಿ ಜಾಗ ಸಿಗ್ತೈತಿ, ಮುಂದ ದಾರ್ಯಾಗ ಊಟ, ರಾತ್ರಿ ತಂಬು, ಬ್ಯಾಗ್ ಒಯ್ಯಾಕ ಟ್ರಕ್ ಎಲ್ಲಾ ಅದರಾಗ ಬಂತು, ಇದಕ್ಕ ಭಿಶಿ ಅಂತ ರೊಕ್ಕ ಕಟ್ಟಬೇಕು, ಒಂದೊಂದು ದಿಂಡೀದು ಒಂದೊಂದು ರೇಟು. ನಮ್ಮ ಬೆಳಗಾವಿ, ವಿಜಯಪುರ ಕಡೆಯಿಂದ ಹೋಗೂ ವಾರಕರಿಗೋಳು ಭಾಳ ಮಂದಿ, ಅವ್ರ ಮೂಲಕ ಊರಾಗ ಇದ್ದಾಗ್ಲೇ ಮಾತಾಡ್ಕೊಂಡ್ರ ಕನ್ನಡ ಮಾತಾಡೂ ಜೋಡಿನೂ ಸಿಕ್ಕಂಗಾತು. ದಿಂಡಿ ನಂಬರ್ ಬರ್ಕೊಳ್ಳೂವಾಗ ಪಾಲಖಿ ಇಟ್ಟ ರಥದ ಮುಂದಿಂದೋ ಹಿಂದಿಂದೋ ಅದನ್ನೂ ಬರ್ಕೊಳ್ರಿ! ರಥದ ಮುಂದ 27 ದಿಂಡಿ, ಹಿಂದಿನವು ಮತ್ತ 1ರಿಂದಾನ ಶುರು, ಬರೇ "12ನೇ ನಂಬರ್" ಅಂತ ಹುಡುಕಾಕ ಹೋದ್ರ ಆ ಗದ್ದಲದಾಗ ಸಂಜಿ ಆಗ್ತೈತಿ.

ಬಿಡುವಿದ್ರ ಕುದುರಿ ನೋಡ್ರಿ. ಪಾಲಖಿ ಮುಂದ ನಡಿಯೂ ಎರಡೂ ಕುದುರಿ ಬರೂದು ನಮ್ಮ ಚಿಕ್ಕೋಡಿ ಕಡೆ ಅಂಕಲಿಯಿಂದ, ಶಿತೋಳೆ ಸರಕಾರ ಮನೆತನದವು, ಅಲ್ಲಿಂದ ಆಳಂದಿತನಕ ನಡಕೊಂಡ ಬರ್ತಾವ. ಒಂದರ ಮ್ಯಾಲ ಜರಿಪಟಕಾ (ಧ್ವಜ) ಹಿಡದ ಸವಾರ ಇರ್ತಾನ, ಇನ್ನೊಂದರ ಮ್ಯಾಲ ಯಾರೂ ಕೂಡಂಗಿಲ್ಲ, ಅದು ಮಾವುಲೀದು. ಮಹಾರಾಷ್ಟ್ರದವ್ರ ವಾರಿ ಅಂತಾರಲ್ಲ, ಅವ್ರಿಗೆ ಇದನ್ನ ಹೇಳ್ರಿ 😄

ಪ್ರಸ್ಥಾನ ಆದ ರಾತ್ರಿ ಪಾಲಖಿ ಆಳಂದಿಯಾಗ ಇರ್ತೈತಿ, ಮಾವುಲಿಯ ತಾಯಿ ಕಡೆ ಅಜ್ಜನ ಮನಿ ಅಂತಾರಲ್ಲ ಅಲ್ಲಿ. ಮರುದಿನ ಮುಂಜಾನೆ ಪುಣೆಗೆ ಹೊರಡ್ತೈತಿ, ಅಲ್ಲಿ ಎರಡು ರಾತ್ರಿ ಭವಾನಿ ಪೇಠದಾಗ ಮುಕ್ಕಾಂ. ಅದಕ್ಕ ರಜಾ ಸಿಗದ ಲೇಟಾತಂದ್ರ ಆಳಂದಿಗೆ ಓಡಬ್ಯಾಡ್ರಿ, ಪುಣ್ಯಾಗ ದಿಂಡಿ ಕೂಡ್ಕೊಳ್ರಿ, ದಿವೇ ಘಾಟ್ ಹತ್ತೂದು ಅದರ ಮುಂದಾನ.