ಮಳೆಗಾಲದ ತೋಟಕ್ಕೆ ಪಿಸ್ತೂಲೋ ರಿವಾಲ್ವರೋ?

ಭಾಗಮಂಡಲದ ಮಳೆಯಲ್ಲಿ ತೋಟ ಸುತ್ತುವಾಗ ಸೊಂಟದಲ್ಲಿಡಲು, ಹೆಚ್ಚು ಉಪಚಾರ ಬೇಡದ ಚಿಕ್ಕ ಕೈಬಂದೂಕು ಯಾವುದು ಎಂದು ಕೇಳಿದ್ದೀರಿ. ನನ್ನ ಮತ ರಿವಾಲ್ವರ್‌ಗೆ. ಪಿಸ್ತೂಲಿನ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಒಳಗೆ ಕೆಸರು, ಎಲೆಪುಡಿ ಹೊಕ್ಕರೆ ಗುಂಡು ಸಿಕ್ಕಿಕೊಳ್ಳಬಹುದು. ರಿವಾಲ್ವರ್‌ನಲ್ಲಿ ಒಂದು ಗುಂಡು ಹಾರದಿದ್ದರೂ ಕುದುರೆ (ಟ್ರಿಗರ್) ಮತ್ತೆ ಎಳೆದರೆ ಮುಂದಿನದು ಬರುತ್ತದೆ. ಕಾನ್ಪುರದಲ್ಲಿ 2014ರಲ್ಲಿ ಬಂದ .32 (ಇಂಚಿನಲ್ಲಿ ಗುಂಡಿನ ಅಳತೆ) ರಿವಾಲ್ವರ್ 'ನಿರ್ಭೀಕ್' ಟೈಟೇನಿಯಂ ಮಿಶ್ರಲೋಹದ್ದು, ತೂಕ ಸುಮಾರು ಅರ್ಧ ಕೆಜಿ. ಹೊರಮೈ ತುಕ್ಕಿನ ಚಿಂತೆ ಕಡಿಮೆ, ಆದರೆ ಸ್ಪ್ರಿಂಗು ಉಕ್ಕಿನದೇ. ಸ್ಟೇನ್‌ಲೆಸ್ ಎಂದರೂ ತುಕ್ಕೇ ಬರಲ್ಲ ಅಂತಲ್ಲ, ತಡವಾಗಿ ಬರುತ್ತದೆ ಅಷ್ಟೆ.

ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಒದ್ದೆ ಚರ್ಮದ ಹೋಲ್‌ಸ್ಟರ್‌ನಲ್ಲೇ ಅಪ್ಪನ ಹಳೆಯ ರಿವಾಲ್ವರ್ ಒಂದು ವಾರ ಬಿಟ್ಟಿದ್ದೆ. ತೆಗೆದು ನೋಡಿದರೆ ನಳಿಗೆಯ ಪಕ್ಕ ಅರಶಿನ ಬಣ್ಣದ ಚುಕ್ಕೆಗಳು! ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮನೆಗೆ ಬಂದ ಕೂಡಲೇ ಗುಂಡು ಇಳಿಸಿ, ಒರೆಸಿ, ತೆಳುವಾಗಿ ಎಣ್ಣೆ ಸವರಿ, ಒಣಗಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಬೀಗ ಹಾಕಿ. ಎಣ್ಣೆ ಜಾಸ್ತಿಯಾದರೆ ಗುಂಡಿನ ಪ್ರೈಮರ್‌ಗೆ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಇಳಿದು ಹಾಳು.

ಆನೆಗೆ ಮಾತ್ರ ಇದು ಆಗುವ ಮಾತಲ್ಲ, .32 ಅದನ್ನು ಕೆರಳಿಸಬಹುದಷ್ಟೇ. ದೂರದಿಂದಲೇ ಸರಿದುಹೋಗಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಬಂದೂಕು ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ. ನೀವು ಅದರಲ್ಲಿ ಬರುತ್ತೀರಾ, ಯಾವ ಆಯುಧಕ್ಕೆ ಅನ್ವಯ ಅನ್ನೋದನ್ನು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಕೊಳ್ಳಿ.