ಏಜೆಂಟ್ ಸಿಗಲಿಲ್ಲವೆಂದು ನಿದ್ದೆಗೆಟ್ಟವರು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

23 ವರ್ಷದ ಯುವತಿ. ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. ಎರಡು ವರ್ಷದಿಂದ ನಾಟಕ ಮಾಡುತ್ತಿದ್ದಾರೆ. ಮೂರು ಕಿರುಚಿತ್ರಗಳಲ್ಲೂ ನಟಿಸಿದ್ದಾರೆ, ಮೂರಕ್ಕೂ ಗೆಳೆಯರೇ ನಿರ್ದೇಶಕರು. ಜೊತೆಯಲ್ಲೇ ಅಭಿನಯ ಕಲಿತ ಗೆಳತಿಗೆ ಏಜೆಂಟ್ (ನಟರ ಪರವಾಗಿ ಅವಕಾಶ ಹುಡುಕುವವರು) ಸಿಕ್ಕಿದ ಮೇಲೆ ಇದೆಲ್ಲ ಶುರುವಾಗಿದೆ. "ಏಜೆಂಟ್ ಇಲ್ಲ ಅಂದ್ರೆ ನಾನು ನಟಿಯೇ ಅಲ್ಲ ಅನ್ಸುತ್ತೆ ಮೇಡಂ" ಎಂದರು.

ಎಷ್ಟು ಜನಕ್ಕೆ ಬರೆದಿದ್ದೀರಿ ಎಂದೆ. ಫೋನ್ ಮುಂದಿಟ್ಟರು. 38 ಇಮೇಲ್. ಎಲ್ಲವೂ ರಾತ್ರಿ ಒಂದರಿಂದ ಮೂರು ಗಂಟೆಯೊಳಗೆ ಹೋಗಿದ್ದವು. ಒಕ್ಕಣೆಯೂ ಒಂದೇ. ಒಂದರಲ್ಲಂತೂ ಬೇರೆ ಏಜೆಂಟರ ಹೆಸರು ಹಾಗೇ ಉಳಿದುಬಿಟ್ಟಿತ್ತು. ಬಂದ ಉತ್ತರ ಎರಡು. ಒಬ್ಬರು 'ಸದ್ಯಕ್ಕೆ ಬೇಡ' ಎಂದಿದ್ದರು. ಇನ್ನೊಬ್ಬರು ನೋಂದಣಿ ಮತ್ತು ಫೋಟೋಶೂಟ್‌ಗೆಂದು ಮುಂಗಡ ಹಣ ಕೇಳಿದ್ದರು. ಸಾಲ ಮಾಡಿ ಕೊಡಲೇ ಎನ್ನುವುದು ಇವರ ಪ್ರಶ್ನೆ.

ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ನಾವು ಆಪ್ತಸಮಾಲೋಚಕರು ಸಾಮಾನ್ಯವಾಗಿ ಹೇಳುವುದಿಲ್ಲ. ಇದಕ್ಕೆ ಮಾತ್ರ ತಟ್ಟನೆ ಬೇಡ ಎಂದೆ. ನಟರಿಗೆ ಸಂಭಾವನೆ ಬಂದ ಮೇಲೆ ಅದರಲ್ಲಿ ಕಮಿಷನ್ ತೆಗೆದುಕೊಳ್ಳುವುದು ಏಜೆಂಟರ ಕ್ರಮ. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾದಲ್ಲಿ ಅದಕ್ಕೆ ಶೇ. 10ರ ಮಿತಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಏಜೆಂಟರು ಮುಂಗಡ ಶುಲ್ಕ ಕೇಳುವುದೇ ಕಾನೂನಿಗೆ ವಿರುದ್ಧ. ಮೊದಲೇ ದುಡ್ಡು ಕೈ ಸೇರಿದರೆ ನಿಮಗಾಗಿ ಓಡಾಡುವ ದರ್ದು ಅವರಿಗೇನಿರುತ್ತೆ, ಅಲ್ವಾ?

ಎರಡನೇ ಭೇಟಿಯಲ್ಲಿ ಅವರ ಶೋರೀಲ್, ಅಂದರೆ ಅಭಿನಯದ ತುಣುಕುಗಳನ್ನು ಜೋಡಿಸಿದ ವಿಡಿಯೊ, ನೋಡಿದೆವು. ನಾಲ್ಕೂವರೆ ನಿಮಿಷ. ಮೊದಲು ಹೆಸರು, ಆಮೇಲೆ ಸಂಗೀತ, ಆಮೇಲೆ ಸ್ಲೋ ಮೋಷನ್‌ನಲ್ಲಿ ನಡಿಗೆ. ಅವರ ಮೊದಲ ಮಾತು ಕೇಳಿಸುವ ಹೊತ್ತಿಗೆ 52 ಸೆಕೆಂಡ್ ಕಳೆದಿತ್ತು. ನಾನೇನೂ ಹೇಳಲಿಲ್ಲ. "ಇಷ್ಟೊತ್ತು ಯಾರು ಕಾಯ್ತಾರೆ?" ಎಂದು ಅವರೇ ನಕ್ಕರು. ನಕ್ಕಿದ್ದು ಅದೇ ಮೊದಲು.

ಅಲ್ಲಿಂದ ಮಾತು ಸಲೀಸಾಯಿತು. ಏಜೆಂಟ್ ಇದ್ದರೆ ಏನು ಬದಲಾಗುತ್ತೆ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. "ಅಪ್ಪ ಕೇಳೋದು ನಿಲ್ಲಿಸ್ತಾರೆ" ಎಂದರು. ಅವರಿಗೆ ಬೇಕಾಗಿದ್ದದ್ದು ಒಂದು ಸರ್ಟಿಫಿಕೇಟ್. ಏಜೆಂಟರ ಕೆಲಸ ಅದಲ್ಲವಲ್ಲ! ಆಡಿಷನ್‌ಗೆ ಹೆಸರು ಕಳಿಸುವುದು, ಸಂಭಾವನೆ ಮಾತಾಡುವುದು, ಕರಾರು ಓದುವುದು ಅವರ ಕೆಲಸ. ತೋರಿಸಲು ಏನೂ ಇಲ್ಲದ ನಟರನ್ನು ಅವರಾದರೂ ಹೇಗೆ ಮುಂದಿಡುತ್ತಾರೆ? ಸೊನ್ನೆಯಲ್ಲಿ ಹತ್ತನೇ ಒಂದು ಪಾಲು ಅಂದರೂ ಸೊನ್ನೆಯೇ. ಕಾಸ್ಟಿಂಗ್ ಮಾಡುವವರು, ಅಂದರೆ ಪಾತ್ರಕ್ಕೆ ನಟರನ್ನು ಆರಿಸುವವರು, ನಿರ್ಮಾಪಕರ ಪರ, ಏಜೆಂಟ್ ನಟರ ಪರ. ಈ ವ್ಯತ್ಯಾಸವೂ ಇವರಿಗೆ ಗೊತ್ತಿರಲಿಲ್ಲ. ಎಷ್ಟೋ ಆಡಿಷನ್‌ಗಳಿಗೆ ಏಜೆಂಟ್ ಇಲ್ಲದೆಯೇ ಹೋಗಬಹುದು ಎಂಬುದೂ ಅಷ್ಟೇ.

ಹಾಗಾದರೆ ಯಾವಾಗ ಹುಡುಕಬೇಕು? ನಾನು ಹೇಳಿದ್ದು ಇಷ್ಟು. ಪರಿಚಯವೇ ಇಲ್ಲದವರು ನಿಮ್ಮ ಅಭಿನಯ ನೋಡಿ, ಸಂಭಾವನೆ ಕೊಟ್ಟು ಕರೆಯಲು ಶುರು ಮಾಡಲಿ. ಅಂಥ ಕೆಲಸದ ತುಣುಕುಗಳಿಂದ ಒಂದೂವರೆ ನಿಮಿಷದ ರೀಲ್ ಆಗಲಿ. ನೀವಾಗಿ ತಟ್ಟಿದ ಬಾಗಿಲು ಏಜೆಂಟ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ತೆರೆಯದಿದ್ದರೆ, ಅಥವಾ ಕೈಗೆ ಬಂದ ಕರಾರು ನಿಮಗೆ ಅರ್ಥವಾಗದಿದ್ದರೆ, ಆಗ ಬರೆಯಿರಿ. ಅಲ್ಲಿಯವರೆಗೆ ಆರೇ ಆರು ಹೆಸರು ಆರಿಸಿ ಇಟ್ಟುಕೊಳ್ಳಿ. ಅವರು ಯಾವ ಥರದ ನಟರನ್ನು ನೋಡಿಕೊಳ್ಳುತ್ತಾರೆ ಎಂದು ವಿಚಾರಿಸಿ. ನಿಮ್ಮ ವಯಸ್ಸಿನ, ನಿಮ್ಮಂಥದ್ದೇ ಚಹರೆಯ ಮೂವರು ಆಗಲೇ ಅವರಲ್ಲಿದ್ದರೆ ಆ ಹೆಸರು ಬಿಡಿ. ಸಹಿ ಹಾಕುವ ಮೊದಲು ಒಪ್ಪಂದ ಎಷ್ಟು ವರ್ಷ, ಬಿಡುವುದು ಹೇಗೆ, ನೀವೇ ತಂದುಕೊಂಡ ಕೆಲಸಕ್ಕೂ ಕಮಿಷನ್ ಉಂಟಾ ಎಂದು ಕೇಳಿ.

ನಿದ್ದೆಗೆ ಒಂದೇ ನಿಯಮ: ರಾತ್ರಿ ಹತ್ತರ ಮೇಲೆ ಇಮೇಲ್ ಬೇಡ. ಅದನ್ನು ಪಾಲಿಸಲು ಮೂರು ವಾರ ಒದ್ದಾಡಿದರು.

ಎಂಟು ತಿಂಗಳಾದ ಮೇಲೆ ಫೋನ್ ಬಂತು. ಅವರ ನಾಟಕ ನೋಡಿದ ಯಾರೋ ನಾಲ್ಕು ದಿನದ ಪಾತ್ರ ಕೊಟ್ಟಿದ್ದರಂತೆ. ಹನ್ನೊಂದು ಪುಟದ ಕರಾರು. ಏಳನೇ ಪುಟದಲ್ಲಿ, ಮುಂದಿನ ಎರಡು ವರ್ಷ ಪಾತ್ರ ಕೊಟ್ಟವರನ್ನು ಕೇಳದೆ ಬೇರೆ ಕಡೆ ನಟಿಸುವಂತಿಲ್ಲ ಎಂಬಂಥ ಒಂದು ಸಾಲು.

"ಆ ಆರು ಹೆಸರು ಇನ್ನೂ ಇದೆಯಾ?" ಎಂದೆ.

"ನಾಲ್ಕು ಇದೆ ಮೇಡಂ. ಎರಡು ನಾನೇ ಹೊಡೆದುಹಾಕಿದೆ."