ಅಕ್ಕಿ ಸಾಕು, ಅತ್ತೆ ಸಾಕು

ಹಾಸನದಲ್ಲಿ ಆಪ್ತ ಸಲಹೆಗೆ ನನ್ನ ಹತ್ತಿರ ಬರುವ ಹಿರಿಯರಿಂದ ಒಂದು ದೂರು ಮತ್ತೆ ಮತ್ತೆ ಬರುತ್ತದೆ: "ಮನೇಲಿ ಎಲ್ಲ ಸೇರ್ಕೊಂಡು ನನ್ನ ಬಗ್ಗೆ ಗುಸುಗುಸು ಮಾತಾಡ್ತಾರೆ." ಕೆಲವು ವರ್ಷಗಳ ಹಿಂದೆ ಇದೇ ದೂರು ತಂದ ಒಬ್ಬ ಅಜ್ಜನನ್ನು ಐದು ಸಲ ಕೂರಿಸಿಕೊಂಡು ನಂಬಿಕೆ, ಹೊಂದಾಣಿಕೆ ಅಂತ ಪಾಠ ಮಾಡಿದ್ದೆ. ಕಿವಿ ಹೇಗಿದೆ ಅಂತ ಒಂದು ಮಾತು ಕೇಳಿರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಾನೀಗ ಹೇಳುವ ಅಮ್ಮ ಆಲೂರು ಕಡೆಯವರು, ಎಪ್ಪತ್ತು ದಾಟಿದೆ. ಯಜಮಾನರು ತೀರಿಕೊಂಡ ಮೇಲೆ ಹಾಸನದ ಮಗನ ಮನೆಗೆ ಬಂದಿದ್ದರು. ಎರಡು ದಿನದಿಂದ ಊಟ ಬಿಟ್ಟಿದ್ದರು. "ಫೋನಲ್ಲಿ ಯಾರಿಗೋ 'ಅತ್ತೆ ಸಾಕು' ಅಂದ್ಲು ಕಣವ್ವ. ನನ್ನ ಕಿವಿಯಾರೆ ಕೇಳಿದೀನಿ." ಹಾಗೆ ಹೇಳೇ ಇಲ್ಲ ಅಂತ ಸೊಸೆ ಅಳುತ್ತಿದ್ದಳು. ಮಗ ಮೊಬೈಲು ನೋಡುತ್ತಾ ಕೂತಿದ್ದ.

ಸ್ವಲ್ಪ ನೀರು ಕೊಡೋಣ ಅಂತ ಎದ್ದೆ. ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವರಿಗೆ ಬೆನ್ನು ಮಾಡಿ ಲೋಟಕ್ಕೆ ನೀರು ಬಗ್ಗಿಸುತ್ತಾ ಸುಮ್ನೆ ಮಾತಿಗೆ ಕೇಳಿದೆ: "ಈಗ್ಲೂ ತೋಟಕ್ಕೆ ಹೋಗ್ತೀರಾ ಅಮ್ಮ?"

"ಕೋರ್ಟಿಗಾ? ನಾನ್ಯಾಕವ್ವ ಕೋರ್ಟಿಗೆ ಹೋಗ್ಲಿ? ಆಸ್ತಿ ವಿಷ್ಯ ಏನಾದ್ರೂ ಹೇಳಿದ್ರಾ ಇವರು?"

ಲೋಟ ಇಟ್ಟು ಬಂದು ಎದುರು ಕೂತೆ. ಅದೇ ಪ್ರಶ್ನೆ ಅದೇ ದನಿಯಲ್ಲಿ ಕೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ತೋಟಕ್ಕಾ? ಇನ್ನೆಲ್ಲಿ, ಮಂಡಿನೋವು" ಅಂದರು.

ಆಮೇಲೆ ಒಂದು ಫೈಲನ್ನು ಬಾಯಿಗೆ ಅಡ್ಡ ಹಿಡಿದು ಒಂದೊಂದೇ ಪದ ಹೇಳಿದೆ. 'ಅತ್ತೆ' ಅಂದರೆ ಅತ್ತೆ ಅಂದರು. 'ಅಕ್ಕಿ' ಅಂದರೂ ಅತ್ತೆ ಅಂದರು. ಸೊಸೆಯ ಅಳು ನಿಂತಿತು. "ಮೇಡಂ, ಅವತ್ತು ಅಂಗಡಿಗೆ ಸಾಮಾನು ಹೇಳ್ತಿದ್ದೆ. 'ಅಕ್ಕಿ ಸಾಕು' ಅಂದಿರಬೇಕು."

ಅಮ್ಮ ಒಪ್ಪಲಿಲ್ಲ. "ನನ್ನ ಕಿವಿ ಚೆನ್ನಾಗೇ ಐತೆ. ರಸ್ತೇಲಿ ಲಾರಿ ಹೋದ್ರೂ ಕೇಳುತ್ತೆ."

ಲಾರಿ ಕೇಳುವುದು ನಿಜ. ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂತೆ ಸುತ್ತಿಕೊಂಡ ಭಾಗವಿದೆ. ಅಲ್ಲಿ ಸದ್ದು ಹಿಡಿಯುವ, ಕೂದಲಿನಂಥ ಎಳೆಗಳಿರುವ ಸುಮಾರು 15,000 ಕೂದಲ ಕೋಶಗಳಿರುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಕೀಚಲು ಸದ್ದು ಹಿಡಿಯುವ ಕೋಶಗಳು. ಲಾರಿಯದು ದಪ್ಪ ಸದ್ದು, ಉಳಿಯುತ್ತದೆ. ಮಾತಿನಲ್ಲಿ ಸ್ವರಗಳೂ ಹೆಚ್ಚುಕಡಿಮೆ ಉಳಿಯುತ್ತವೆ. ಕ, ತ, ಸ, ಶ ಜಾರಿಹೋಗುತ್ತವೆ. ಕಾಗುಣಿತ ಬರೆದ ಸ್ಲೇಟಿನಲ್ಲಿ ಕೊಂಬು, ದೀರ್ಘ ಕಾಣುತ್ತಿದ್ದು ಅಕ್ಷರವೇ ಅಳಿಸಿಹೋದ ಹಾಗೆ.

ಅಳಿಸಿದ ಜಾಗವನ್ನು ಮೆದುಳು ಖಾಲಿ ಬಿಡುವುದಿಲ್ಲ. 1970ರಲ್ಲಿ ಅಮೆರಿಕದ ರಿಚರ್ಡ್ ವಾರೆನ್ ರೆಕಾರ್ಡ್ ಮಾಡಿದ ಒಂದು ವಾಕ್ಯದಿಂದ ಒಂದು ಸದ್ದನ್ನು ಕತ್ತರಿಸಿ, ಆ ಜಾಗಕ್ಕೆ ಕೆಮ್ಮು ಸೇರಿಸಿದರು. ಕೇಳಿದವರಲ್ಲಿ ಬಹುತೇಕರಿಗೆ ಏನೋ ಬಿಟ್ಟುಹೋಗಿದೆ ಅಂತ ಅನ್ನಿಸಲೇ ಇಲ್ಲ. ಅವರೇನು ಸಂಶಯದ ಜನವಲ್ಲ. ಸಂವೇದನೆ, ಗ್ರಹಿಕೆ ಅಂತ ಮನಃಶಾಸ್ತ್ರದಲ್ಲಿ ಬೇರೆ ಮಾಡಿ ಹೇಳುವುದು ಇದನ್ನೇ. ಕಿವಿ ಕೊಡುವುದು ಅರ್ಧ. ಉಳಿದರ್ಧವನ್ನು ಮೆದುಳು ಗೊತ್ತಿರುವುದರಿಂದ, ಕೆಲವೊಮ್ಮೆ ಭಯದಿಂದ, ತುಂಬಿಕೊಳ್ಳುತ್ತದೆ. ಹೊಸ ಮನೆ, ಗಂಡ ಇಲ್ಲ, ಜಮೀನು ಇನ್ನೂ ಹೆಸರಿನಲ್ಲಿದೆ. 'ತೋಟ' ಕೋರ್ಟಾಗದೆ ಇನ್ನೇನಾದೀತು?

ಫೈಲು ಅಡ್ಡ ಹಿಡಿದದ್ದು ಪರೀಕ್ಷೆಯಲ್ಲ, ಸುಳಿವು ಅಷ್ಟೇ. ಇಎನ್‌ಟಿ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ ಅಂದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು ಅಂತ ಮಗನಿಗೆ ಹೇಳಿದೆ. "ಅತ್ತೆ ಸೊಸೆ ಜಗಳಕ್ಕೆ ಕಿವಿ ಡಾಕ್ಟರಾ?" ಅಂತ ಪರಿಚಯದ ಸಲಹೆಗಾರರೊಬ್ಬರು ನಕ್ಕರು. ನಗಲಿ. ಅಕ್ಷರವೇ ಕೇಳದವರ ಹತ್ತಿರ ಭಾವನೆ ಬಿಡಿಸಲು ಕೂರುವುದು ನನ್ನ ಕೈಲಾಗದು, ಆ ತಪ್ಪು ಒಮ್ಮೆ ಮಾಡಿ ಆಗಿದೆ.

ಮನೆಯವರಿಗೆ ಹೇಳಿದ್ದು ಸಣ್ಣ ವಿಷಯಗಳು. ಮಿಕ್ಸಿ, ಟಿವಿ ಆರಿಸಿ, ಎದುರು ಬಂದು, ಬೆಳಕಿನಲ್ಲಿ ಮಾತಾಡಿ. ಕಿರುಚಬೇಡಿ. ಕಿರುಚಿದರೆ ಸ್ವರವಷ್ಟೇ ಜಾಸ್ತಿಯಾಗುತ್ತದೆ, ಮೇಲಾಗಿ ಬೈದ ಹಾಗೆ ಕೇಳುತ್ತದೆ. "ನಿಮಗೆ ಬರೀ ಸಂಶಯ" ಅನ್ನಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅವರು "ಏನಂದೆ?" ಅಂದಾಗ "ಏನಿಲ್ಲ ಬಿಡಿ" ಅನ್ನಬೇಡಿ. ಮಗ ಆಗ ತಲೆ ಎತ್ತಿದ. ಆ ಮಾತು ಹೆಚ್ಚಾಗಿ ಅವನದೇ ಇರಬೇಕು.

ಸುಮಾರು ಎರಡು ತಿಂಗಳಾದ ಮೇಲೆ ಅಮ್ಮ ಮಷಿನ್ ಹಾಕಿಕೊಂಡು ಬಂದರು. ಬಂದವರೇ ದೂರು: ತಟ್ಟೆ ಕುಕ್ಕಿದರೆ ತಲೆಗೇ ಹೊಡೆದ ಹಾಗಾಗುತ್ತದೆ. ಮೆದುಳು ಹೊಂದಿಕೊಳ್ಳಲು ಇನ್ನೂ ಕೆಲವು ವಾರ ಬೇಕು, ತೆಗೆದಿಡಬೇಡಿ ಅಂದೆ. ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದರು:

"ಅವತ್ತು ಅವಳು ಅಕ್ಕಿ ಅಂತಲೇ ಅಂದಿದ್ದಾ ಕಣವ್ವ?"

"ನಾನು ಅಲ್ಲಿರಲಿಲ್ಲ ಅಮ್ಮ" ಅಂದೆ. "ಅವಳನ್ನೇ ಕೇಳಿ. ಎದುರು ಕೂತು."